ಅಮೆರಿಕದ ಅಂತರ್ಯುದ್ಧದ ತಿರುವುಗಳನ್ನು ಓದುವುದು ಹೇಗೆ? ಒಂದೇ ಪ್ರಶ್ನೆ ಸಾಕು

ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದಲು ಕೂತವರು ಸಾಮಾನ್ಯವಾಗಿ ಎರಡನೇ ವಾರಕ್ಕೇ ಸುಸ್ತಾಗುತ್ತಾರೆ. ಕಾರಣ ಕದನಗಳ ಪಟ್ಟಿ. ಬುಲ್ ರನ್, ಶೈಲೋ, ಆಂಟೀಟಮ್, ಫ್ರೆಡರಿಕ್ಸ್‌ಬರ್ಗ್, ಗೆಟಿಸ್‌ಬರ್ಗ್, ಹೀಗೆ 1861ರಿಂದ 1865ರವರೆಗೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಯಾರು ಗೆದ್ದರು, ಜನರಲ್ ಯಾರು, ಎಷ್ಟು ಜನ ಸತ್ತರು ಅಂತ ಬರೆದುಕೊಂಡು ಹೋದರೆ ನೋಟ್‌ಬುಕ್ ತುಂಬುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ನಾನು ಮೊದಲು ಹಾಗೇ ಓದಿದೆ. ಆಮೇಲೆ ದಾರಿ ಸಿಕ್ಕಿದ್ದು ಒಂದು ಪ್ರಶ್ನೆಯಿಂದ. ಅದನ್ನೇ ಇಲ್ಲಿ ನಿಮ್ಮ ಕೈಗೆ ಕೊಡುತ್ತಿದ್ದೇನೆ.

ಯಾವ ಘಟನೆ ಎದುರಾದರೂ ಹೀಗೆ ಕೇಳಿಕೊಳ್ಳಿ: ಇದರ ಹಿಂದಿನ ದಿನವೇ ಯುದ್ಧ ನಿಂತುಹೋಗಿದ್ದರೆ ಗುಲಾಮಗಿರಿಯಲ್ಲಿದ್ದವರ ಗತಿ ಏನಾಗುತ್ತಿತ್ತು? ಇದು ಮುಗಿದ ಮೇಲೆ ನಿಂತಿದ್ದರೆ ಏನಾಗುತ್ತಿತ್ತು? ಎರಡೂ ಉತ್ತರ ಬೇರೆ ಬೇರೆ ಬಂದರೆ ಅದು ತಿರುವು. ಒಂದೇ ಬಂದರೆ, ಅಲ್ಲಿ ಎಷ್ಟೇ ಫಿರಂಗಿ ಹಾರಿರಲಿ, ಅದನ್ನು ಪಕ್ಕಕ್ಕೆ ಇಟ್ಟು ಮುಂದೆ ಹೋಗಿ.

ಈ ಪ್ರಶ್ನೆಯೇ ಯಾಕೆ ಅಂದರೆ, 1860ರ ಜನಗಣತಿಯ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ಹೊಡೆದಾಟ ಶುರುವಾದದ್ದೇ ಅವರ ವಿಷಯದಿಂದ. ಆದರೂ ಎಷ್ಟೋ ಕಡೆ ಇಡೀ ಕಥೆಯನ್ನು ಇಬ್ಬರು ಜನರಲ್‌ಗಳ ಚದುರಂಗದ ಥರ ಹೇಳಿ ಮುಗಿಸುತ್ತಾರೆ, ಆ 40 ಲಕ್ಷ ಜನ ಎಲ್ಲೋ ಹಿಂದೆ ನಿಂತು ನೋಡುತ್ತಿದ್ದರು ಅನ್ನುವ ಹಾಗೆ. ಅವರು ಸುಮ್ನೆ ನಿಂತಿರಲಿಲ್ಲ.

ಮೊದಲು ಇಷ್ಟು ಸಿದ್ಧ ಮಾಡಿಕೊಳ್ಳಿ

ಒಂದು ನಕ್ಷೆ ಬೇಕು. ಅದರಲ್ಲಿ ರಾಜ್ಯಗಳ ಗಡಿಗಿಂತ ನದಿಗಳು ಸ್ಪಷ್ಟವಾಗಿ ಕಾಣಬೇಕು, ಮಿಸಿಸಿಪಿ, ಟೆನೆಸಿ, ಪೊಟೊಮ್ಯಾಕ್ ಮೂರಂತೂ ಬೇಕೇ ಬೇಕು. ಆಮೇಲೆ ಒಂದು ನೋಟ್‌ಬುಕ್. ಪುಟದ ನಡುವೆ ಉದ್ದ ಗೆರೆ ಎಳೆಯಿರಿ. ಎಡಗಡೆ ಸೈನ್ಯಗಳು ಏನು ಮಾಡಿದವು, ಬಲಗಡೆ ಅದೇ ಹೊತ್ತಿಗೆ ಗುಲಾಮಗಿರಿಯಲ್ಲಿದ್ದವರು ಏನು ಮಾಡಿದರು ಮತ್ತು ಅವರಿಗೆ ಏನಾಯಿತು. ಬಲಗಡೆ ಖಾಲಿ ಉಳಿದರೆ ನೀವು ಓದುತ್ತಿರುವ ಪುಸ್ತಕ ಬದಲಾಯಿಸಿ ಅಂತ ಅರ್ಥ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಆಂಟೀಟಮ್‌ನಲ್ಲಿ 23,000, ಗೆಟಿಸ್‌ಬರ್ಗ್‌ನಲ್ಲಿ 51,000 ಅಂತ ಅಂಕಿ ನೋಡುತ್ತೀರಲ್ಲ, ಅದು ಸತ್ತವರ ಲೆಕ್ಕ ಅಲ್ಲ. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲರೂ ಸೇರಿದ ಲೆಕ್ಕ. ಆಂಟೀಟಮ್‌ನಲ್ಲಿ ಆ ಒಂದು ದಿನ ಸತ್ತವರು ಸುಮಾರು 3,600. ಇಡೀ ಯುದ್ಧದಲ್ಲಿ ಸತ್ತ ಸೈನಿಕರು 6,20,000 ಅಂತ ಬಹಳ ಕಾಲ ಹೇಳುತ್ತಿದ್ದರು, ಈಚಿನ ಅಂದಾಜುಗಳು 7 ಲಕ್ಷದ ಆಸುಪಾಸಿಗೆ ಹೋಗುತ್ತವೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಭೇದಿ, ವಿಷಮಶೀತ ಜ್ವರ, ದಡಾರದಂಥ ಕಾಯಿಲೆಗಳು.

ಕಾಗದಪತ್ರಗಳಿಂದ ಶುರುಮಾಡಿ, ಫಿರಂಗಿಯಿಂದ ಬೇಡ

ಎಲ್ಲರೂ 1861ರ ಏಪ್ರಿಲ್ 12ರಂದು ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಬಿದ್ದ ಮೊದಲ ಗುಂಡಿನಿಂದ ಶುರುಮಾಡುತ್ತಾರೆ. ನೀವು ಸ್ವಲ್ಪ ಹಿಂದೆ ಹೋಗಿ. 1860ರ ನವೆಂಬರ್‌ನಲ್ಲಿ ಲಿಂಕನ್ ಅಧ್ಯಕ್ಷರಾಗಿ ಆರಿಸಿ ಬಂದರು. ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹಬ್ಬಬಾರದು ಅನ್ನುವುದು ಅವರ ಪಕ್ಷದ ನಿಲುವು. ಡಿಸೆಂಬರ್ 20ಕ್ಕೆ ಸೌತ್ ಕ್ಯಾರೊಲಿನಾ ಒಕ್ಕೂಟ ಬಿಟ್ಟು ಹೊರನಡೆಯಿತು, ಫೆಬ್ರವರಿ ಹೊತ್ತಿಗೆ ಅಂಥ ಏಳು ರಾಜ್ಯಗಳಾದವು, ಸಮ್ಟರ್ ಆದ ಮೇಲೆ ಇನ್ನೂ ನಾಲ್ಕು ಸೇರಿ ಹನ್ನೊಂದಾದವು. ಮುಂದೆ ದಕ್ಷಿಣ ಅಂದರೆ ಹೀಗೆ ಹೊರಟವರು, ಉತ್ತರ ಅಂದರೆ ಒಕ್ಕೂಟದ ಕಡೆಯವರು.

ಹೊರಟವರಲ್ಲಿ ಕೆಲವು ರಾಜ್ಯಗಳು ಯಾಕೆ ಹೊರಟೆವು ಅಂತ ತಾವೇ ಬರೆದಿಟ್ಟಿವೆ. ಆ ಘೋಷಣೆಗಳನ್ನು ಓದಿ, ಪುಟ ಜಾಸ್ತಿ ಇಲ್ಲ. ಮಿಸಿಸಿಪಿ ರಾಜ್ಯ ಶುರುವಿನಲ್ಲೇ ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಹೇಳಿಕೊಂಡಿದೆ. ದಕ್ಷಿಣದವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾದಲ್ಲಿ ಮಾಡಿದ ಭಾಷಣದಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಅನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಯುದ್ಧ ನಡೆದದ್ದು ತೆರಿಗೆಗಾಗಿ, ರಾಜ್ಯಗಳ ಹಕ್ಕಿಗಾಗಿ ಅಂತ ಯಾರಾದರೂ ವಾದಕ್ಕೆ ಬಂದರೆ ಈ ಎರಡು ಕಾಗದ ಅವರ ಮುಂದಿಡಿ ಸಾಕು.

ಈಗ ಪ್ರಶ್ನೆ ಹಾಕಿ ನೋಡಿ. 1861ರ ಮಾರ್ಚ್‌ನಲ್ಲಿ ಇದೆಲ್ಲ ರಾಜಿಯಲ್ಲಿ ಮುಗಿದಿದ್ದರೆ? ಗುಲಾಮಗಿರಿ ಇದ್ದ ಹಾಗೇ ಇರುತ್ತಿತ್ತು. ಈಗಾಗಲೇ ಅದು ಇರುವ ರಾಜ್ಯಗಳಲ್ಲಿ ನಾನು ಕೈಹಾಕುವುದಿಲ್ಲ ಅಂತ ಲಿಂಕನ್ ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲೇ ಹೇಳಿದ್ದರು. ಈ ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದಿಡಿ. ಮುಂದಿನದನ್ನೆಲ್ಲ ಇದಕ್ಕೆ ಹೋಲಿಸಿ ಅಳೆಯಬೇಕು.

ದೋಣಿ ಏರಿದ ಮೂವರು

ನನ್ನ ಲೆಕ್ಕದಲ್ಲಿ ಮೊದಲ ತಿರುವು ಯಾವ ಕದನವೂ ಅಲ್ಲ. 1861ರ ಮೇ 23ರ ರಾತ್ರಿ ವರ್ಜೀನಿಯಾದಲ್ಲಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಅನ್ನುವ ಮೂವರು ಒಂದು ದೋಣಿ ಹತ್ತಿ ಹುಟ್ಟು ಹಾಕಿಕೊಂಡು ಫೋರ್ಟ್ ಮನ್ರೋ ಕೋಟೆಗೆ ಬಂದರು. ಆ ಕೋಟೆ ಇನ್ನೂ ಒಕ್ಕೂಟದ ಕೈಯಲ್ಲಿತ್ತು. ಈ ಮೂವರನ್ನು ಅವರ ಒಡೆಯ ದಕ್ಷಿಣದ ಸೈನ್ಯಕ್ಕೆ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಿದ್ದ. ಅಲ್ಲಿಂದ ಇನ್ನೂ ದೂರ, ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಬೇಕಾಗುತ್ತದೆ ಅಂತ ಗೊತ್ತಾದಾಗ ಈ ನಿರ್ಧಾರ ಮಾಡಿದರು. ಒಳಗೆ ಹೋದರೆ ಅಧಿಕಾರಿ ಕಟ್ಟಿ ವಾಪಸ್ ಕಳಿಸಬಹುದಿತ್ತು. ಯಾಕೆಂದರೆ ಓಡಿಬಂದ ಗುಲಾಮರನ್ನು ಒಡೆಯನಿಗೆ ಒಪ್ಪಿಸಬೇಕು ಅನ್ನುವ 1850ರ ಕಾಯ್ದೆ ಇನ್ನೂ ಜಾರಿಯಲ್ಲಿತ್ತು.

ಮರುದಿನ ದಕ್ಷಿಣದ ಅಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದು ಅದೇ ಕಾಯ್ದೆ ತೋರಿಸಿ ಮೂವರನ್ನೂ ಕೇಳಿದ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ನೀವು ಬೇರೆ ದೇಶ ಅಂತ ಹೇಳಿಕೊಂಡಿದ್ದೀರಿ, ಹಾಗಿದ್ದ ಮೇಲೆ ನಮ್ಮ ದೇಶದ ಕಾಯ್ದೆ ನಿಮಗೆ ಯಾಕೆ ಅನ್ವಯಿಸಬೇಕು, ಅಂದ. ಇವರನ್ನು ನೀವು ಆಸ್ತಿ ಅನ್ನುತ್ತೀರಿ, ಯುದ್ಧದ ಕೆಲಸಕ್ಕೆ ಬಳಸುತ್ತಿದ್ದೀರಿ, ಶತ್ರುವಿನ ಯುದ್ಧ ಸಾಮಗ್ರಿಯನ್ನು ನಾನು ಜಪ್ತಿ ಮಾಡಬಹುದು, ಮಾಡಿದ್ದೇನೆ. ಮನುಷ್ಯರನ್ನು ಸಾಮಗ್ರಿ ಅಂದದ್ದು ಕೆಟ್ಟ ಮಾತೇ. ಆದರೆ ಬಾಗಿಲು ತೆರೆಯಿತು. ಸುದ್ದಿ ಹರಡಿ ಕೆಲವೇ ದಿನಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಸಂಸಾರ ಸಮೇತ ಬರತೊಡಗಿದರು. ಆಗಸ್ಟ್‌ನಲ್ಲಿ ಸಂಸತ್ತು ಇದೇ ತತ್ವದ ಮೇಲೆ ಒಂದು ಕಾಯ್ದೆ ಮಾಡಬೇಕಾಯಿತು.

ನೋಟ್‌ಬುಕ್ಕಿನ ಬಲಗಡೆ ಮೊದಲು ಇದನ್ನು ಬರೆಯಿರಿ. ಕೆಳಗೆ ರಾಬರ್ಟ್ ಸ್ಮಾಲ್ಸ್‌ಗೂ ಜಾಗ ಬಿಡಿ. 1862ರ ಮೇ 13ರ ಬೆಳಗಿನ ಜಾವ ಚಾರ್ಲ್ಸ್‌ಟನ್ ಬಂದರಿನಲ್ಲಿ ದಕ್ಷಿಣದವರ ಪ್ಲಾಂಟರ್ ಅನ್ನುವ ಹಡಗನ್ನು ಅದರಲ್ಲೇ ಕೆಲಸ ಮಾಡುತ್ತಿದ್ದ ಈ ಗುಲಾಮ ಚಾಲಕ ಕದ್ದು ತಂದ. ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು, ಅವನ ಹಾಗೇ ನಿಂತು, ಪ್ರತಿ ಕೋಟೆಯ ಎದುರೂ ಸರಿಯಾದ ಸಿಳ್ಳೆ ಸಂಕೇತ ಕೊಟ್ಟು ದಾಟಿದ. ಹಡಗಿನಲ್ಲಿ ಅವನ ಹೆಂಡತಿ ಮಕ್ಕಳಿದ್ದರು, ಜೊತೆಗಾರರ ಮನೆಯವರಿದ್ದರು. ಫಿರಂಗಿಗಳ ಎಟುಕು ದಾಟಿದ ಮೇಲೆ ಒಕ್ಕೂಟದ ಹಡಗುಗಳು ಗುಂಡು ಹಾರಿಸದಿರಲಿ ಅಂತ ಒಂದು ಬಿಳಿ ಹಾಸಿಗೆ ಬಟ್ಟೆ ಏರಿಸಿದರು. ಮುಂದೆ ಈತ ಅಮೆರಿಕದ ಸಂಸತ್ತಿನ ಸದಸ್ಯನಾದ.

ಸೋಲು ಕೂಡ ತಿರುವಾಗಬಹುದು

1862ರ ಜೂನ್‌ಗೆ ಬನ್ನಿ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಉತ್ತರದ ಜನರಲ್ ಮೆಕ್ಲೆಲನ್ ಸುಮಾರು 1 ಲಕ್ಷ ಸೈನ್ಯ ಕಟ್ಟಿಕೊಂಡು ದಕ್ಷಿಣದ ರಾಜಧಾನಿ ರಿಚ್ಮಂಡ್‌ನಿಂದ ಕೆಲವೇ ಮೈಲಿ ದೂರದಲ್ಲಿದ್ದ. ಆಗ ರಿಚ್ಮಂಡ್ ಬಿದ್ದು ಯುದ್ಧ ಮುಗಿದಿದ್ದರೆ ಗುಲಾಮಗಿರಿ ಬಹುಪಾಲು ಹಾಗೇ ಉಳಿದುಬಿಡುತ್ತಿತ್ತು. ಮೆಕ್ಲೆಲನ್‌ಗೂ ಅದೇ ಬೇಕಿತ್ತು, ಗುಲಾಮಗಿರಿಯ ಗೋಜಿಗೆ ಹೋಗಬೇಡಿ ಅಂತ ಮುಂದೆ ಜುಲೈನಲ್ಲಿ ಲಿಂಕನ್‌ಗೆ ಪತ್ರವನ್ನೇ ಕೊಟ್ಟ. ಆದರೆ ಜೂನ್‌ನಲ್ಲಿ ದಕ್ಷಿಣದ ಸೈನ್ಯದ ಹೊಣೆ ಹೊತ್ತ ರಾಬರ್ಟ್ ಲೀ ಏಳು ದಿನಗಳ ಸರಣಿ ಕದನದಲ್ಲಿ ಅವನನ್ನು ಹಿಂದಕ್ಕೆ ತಳ್ಳಿದ. ಯುದ್ಧ ಉದ್ದವಾಯಿತು. ಉದ್ದವಾದಷ್ಟೂ, ದಕ್ಷಿಣದ ಹೊಲದಲ್ಲಿ ಬೆಳೆ ಬೆಳೆದು, ಕಂದಕ ತೋಡಿ ಅವರ ಸೈನ್ಯವನ್ನು ನಿಲ್ಲಿಸಿರುವುದು ಗುಲಾಮರ ದುಡಿಮೆಯೇ ಅನ್ನುವುದು ಉತ್ತರದವರಿಗೆ ಅರ್ಥವಾಗುತ್ತ ಹೋಯಿತು. ಗುಲಾಮಗಿರಿಗಾಗಿ ಕಾದಾಡುತ್ತಿದ್ದವರ ಅತಿ ದೊಡ್ಡ ಗೆಲುವೇ ಗುಲಾಮಗಿರಿಯ ಬುಡಕ್ಕೆ ಕೊಡಲಿ ಹಾಕಿತು. ಇಡೀ ಯುದ್ಧದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇದೇ ತಿಂಗಳು.

ಜುಲೈ 22ರಂದು ಲಿಂಕನ್ ಗುಲಾಮರನ್ನು ಬಿಡಿಸುವ ವಿಮೋಚನಾ ಘೋಷಣೆಯ ಕರಡನ್ನು ಸಚಿವರ ಮುಂದಿಟ್ಟರು. ಈಗ ಹೊರಡಿಸಿದರೆ ಸೋತವರ ಕೂಗಿನ ಥರ ಕೇಳುತ್ತದೆ, ಒಂದು ಗೆಲುವು ಬರಲಿ ಅಂತ ವಿದೇಶಾಂಗ ಸಚಿವ ಸೀವರ್ಡ್ ಸಲಹೆ ಕೊಟ್ಟರು. ಕರಡು ಮೇಜಿನ ಡ್ರಾಯರ್ ಸೇರಿತು.

ಆ ಗೆಲುವು ಬಂದ ಬಗೆ ನೋಡಿ. ಸೆಪ್ಟೆಂಬರ್‌ನಲ್ಲಿ ಲೀ ಪೊಟೊಮ್ಯಾಕ್ ನದಿ ದಾಟಿ ಮೇರಿಲ್ಯಾಂಡ್‌ಗೆ ನುಗ್ಗಿದ. 13ನೇ ತಾರೀಕು ಫ್ರೆಡರಿಕ್ ಊರಿನ ಹತ್ತಿರ ಹುಲ್ಲಿನಲ್ಲಿ ವಿಶ್ರಾಂತಿಗೆ ಕೂತಿದ್ದ ಉತ್ತರದ ಸೈನಿಕರಿಗೆ ಒಂದು ಕಾಗದ ಸಿಕ್ಕಿತು, ಮೂರು ಸಿಗಾರ್‌ಗಳಿಗೆ ಸುತ್ತಿತ್ತು. ಬಿಡಿಸಿ ನೋಡಿದರೆ ಲೀ ತನ್ನ ಸೈನ್ಯವನ್ನು ಹೇಗೆ ಒಡೆದು ಯಾವ ಯಾವ ದಾರಿಯಲ್ಲಿ ಕಳಿಸಿದ್ದಾನೆ ಅನ್ನುವ ಆದೇಶ! ಇಷ್ಟು ಕೈಗೆ ಸಿಕ್ಕರೂ ಮೆಕ್ಲೆಲನ್ ಗಂಟೆಗಟ್ಟಲೆ ತಡಮಾಡಿದ. 17ರಂದು ಆಂಟೀಟಮ್ ಹಳ್ಳದ ಪಕ್ಕ ನಡೆದ ಕದನ ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ರಕ್ತ ಹರಿದ ಒಂದು ದಿನ. ಪೂರ್ತಿ ಗೆಲುವೇನೂ ಅಲ್ಲ, ಆದರೆ ಲೀ ಹಿಂದಿರುಗಿ ಹೋದ. ಲಿಂಕನ್‌ಗೆ ಅಷ್ಟು ಸಾಕಾಯಿತು. 22ರಂದು ಎಚ್ಚರಿಕೆ ಕೊಟ್ಟರು: ಜನವರಿ 1ರೊಳಗೆ ಒಕ್ಕೂಟಕ್ಕೆ ಮರಳದ ಕಡೆಗಳಲ್ಲಿ ಗುಲಾಮರು ಅಂದಿನಿಂದ ಸ್ವತಂತ್ರರು.

1863ರ ಜನವರಿ 1, ಘೋಷಣೆಗೆ ಸಹಿ ಹಾಕುವ ದಿನ. ಬೆಳಗ್ಗೆಯಿಂದ ಹೊಸ ವರ್ಷದ ಅತಿಥಿಗಳಿಗೆ ಗಂಟೆಗಟ್ಟಲೆ ಕೈ ಕುಲುಕಿ ಲಿಂಕನ್ ಅವರ ಬಲಗೈ ಮರಗಟ್ಟಿ ನಡುಗುತ್ತಿತ್ತು. ಅಕ್ಷರ ಅಲುಗಿದರೆ ನಾನು ಹಿಂಜರಿದೆ ಅಂತ ಜನ ಅಂದುಕೊಳ್ಳುತ್ತಾರೆ ಅಂತ ಹೇಳಿ, ನಿಧಾನವಾಗಿ ಪೂರ್ತಿ ಹೆಸರು ಬರೆದರು. ಈ ಘೋಷಣೆಯನ್ನು ಓದುವಾಗ ಎರಡು ವಿಷಯ ಬರೆದುಕೊಳ್ಳಿ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳ ಗುಲಾಮರಿಗೆ ಇದು ಅನ್ವಯಿಸಲಿಲ್ಲ. ಆದರೆ ಕಪ್ಪು ಜನರನ್ನು ಸೈನ್ಯಕ್ಕೆ ತೆಗೆದುಕೊಳ್ಳುತ್ತೇವೆ ಅಂತಲೂ ಅದೇ ಕಾಗದದಲ್ಲಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,79,000 ಕಪ್ಪು ಜನ ಸೈನ್ಯ ಸೇರಿದ್ದರು, ನೌಕಾಪಡೆಯಲ್ಲಿ ಇನ್ನೂ ಸಾವಿರಾರು. ಅವರಿಗೆ ತಿಂಗಳಿಗೆ 10 ಡಾಲರ್ ಸಂಬಳ, ಅದರಲ್ಲಿ ಬಟ್ಟೆಗೆ 3 ಡಾಲರ್ ಕಡಿತ. ಬಿಳಿ ಸೈನಿಕನಿಗೆ 13. ಮ್ಯಾಸಚೂಸೆಟ್ಸ್‌ನ 54ನೇ ತುಕಡಿ 1863ರ ಜುಲೈ 18ರಂದು ಫೋರ್ಟ್ ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿ ನೂರಾರು ಜನರನ್ನು ಕಳೆದುಕೊಂಡಿತು. ಅದೇ ತುಕಡಿ ಸಮ ಸಂಬಳ ಕೊಡುವವರೆಗೆ ಒಂದು ಪೈಸೆಯೂ ಬೇಡ ಅಂತ ಕೂತಿತು. ಜೇಮ್ಸ್ ಹೆನ್ರಿ ಗುಡಿಂಗ್ ಅನ್ನುವ ಸೈನಿಕ ನೇರ ಲಿಂಕನ್‌ಗೇ ಪತ್ರ ಬರೆದು ಕೇಳಿದ, ನಾವು ಸೈನಿಕರೋ ಕೂಲಿಯಾಳುಗಳೋ ಅಂತ. 1864ರ ಜೂನ್‌ನಲ್ಲಿ ಸಂಸತ್ತು ಸಮ ಸಂಬಳಕ್ಕೆ ಒಪ್ಪಿತು.

ಘೋಷಣೆಯ ಇನ್ನೊಂದು ಏಟು ಯುರೋಪಿನಲ್ಲಿ ಬಿತ್ತು, ಅದು ನಮ್ಮ ಕಡೆಗೂ ತಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ಅಮೆರಿಕದ ಹತ್ತಿಯ ಮೇಲೆ ನಿಂತಿದ್ದವು. ಹತ್ತಿ ನಿಲ್ಲಿಸಿದರೆ ಬ್ರಿಟನ್ ತಮ್ಮ ಪರ ಬಂದೇ ಬರುತ್ತದೆ ಅಂತ ದಕ್ಷಿಣದವರು ನಂಬಿದ್ದರು. ಗಿರಣಿಗಳು ಮುಚ್ಚಿದವು, ಕೂಲಿಕಾರರು ಉಪವಾಸ ಬಿದ್ದರು, ಆದರೆ ಯುದ್ಧ ಗುಲಾಮಗಿರಿಯ ವಿರುದ್ಧ ಅಂತ ಬಹಿರಂಗವಾದ ಮೇಲೆ ಬ್ರಿಟನ್‌ಗೆ ದಕ್ಷಿಣದ ಪರ ನಿಲ್ಲುವುದು ಕಷ್ಟವಾಯಿತು. ಹತ್ತಿಗಾಗಿ ಅವರು ತಿರುಗಿದ್ದು ಭಾರತದ ಕಡೆ. ಧಾರವಾಡದ ಕರಿಮಣ್ಣಿನಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿತ್ತು. ಈಗ ಅದಕ್ಕೆ ಕಂಡು ಕೇಳದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಕಾರವಾರ ಬಂದರಿನ ಮೂಲಕ ಈ ಹತ್ತಿ ಸಾಗಿಸುವ ಆಸೆ ಇತ್ತು. 1865ರಲ್ಲಿ ಅಲ್ಲಿ ಯುದ್ಧ ಮುಗಿದಾಗ ಇಲ್ಲಿ ಬೆಲೆ ಕುಸಿಯಿತು, ಮುಂಬೈಯ ದೊಡ್ಡ ದೊಡ್ಡ ವ್ಯಾಪಾರಿಗಳು ದಿವಾಳಿಯಾದರು.

ಗೆಟಿಸ್‌ಬರ್ಗ್ ಓದುವಾಗ ನದಿ ಮರೆಯಬೇಡಿ

1863ರ ಜುಲೈ 1ರಿಂದ 3. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ಲೀ ಸೋತ. ಕೊನೆಯ ದಿನ ಸುಮಾರು 12,500 ಜನರನ್ನು ಬಟಾಬಯಲಿನಲ್ಲಿ ನಡೆಸಿ ಕಳಿಸಿದ, ಅರ್ಧದಷ್ಟು ಜನ ಸರಿಯಾಗಿ ಮರಳಲಿಲ್ಲ. ಯುದ್ಧದ ತಿರುವು ಯಾವುದು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇದನ್ನೇ ಹೇಳುತ್ತಾರೆ. ಬಲಗಡೆಯ ಸಾಲು ಮಾತ್ರ ಯಾರೂ ಹೇಳುವುದಿಲ್ಲ: ಪೆನ್ಸಿಲ್ವೇನಿಯಾಕ್ಕೆ ನುಗ್ಗಿದ ಲೀ ಸೈನ್ಯ ಅಲ್ಲಿದ್ದ ಸ್ವತಂತ್ರ ಕಪ್ಪು ಜನರನ್ನು ಹಿಡಿದು ಗುಲಾಮರನ್ನಾಗಿ ದಕ್ಷಿಣಕ್ಕೆ ಸಾಗಿಸಿತು.

ಅದೇ ವಾರ, ಜುಲೈ 4ಕ್ಕೆ, ಪಶ್ಚಿಮದಲ್ಲಿ ಉತ್ತರದ ಜನರಲ್ ಗ್ರಾಂಟ್ 47 ದಿನ ಮುತ್ತಿಗೆ ಹಾಕಿದ್ದ ವಿಕ್ಸ್‌ಬರ್ಗ್ ಶರಣಾಯಿತು. ಈಗ ನಕ್ಷೆ ತೆಗೆಯಿರಿ. ಮಿಸಿಸಿಪಿ ನದಿ ಚೂಪಾಗಿ ತಿರುಗುವ ಜಾಗದಲ್ಲಿ, ಎತ್ತರದ ದಂಡೆಯ ಮೇಲೆ ಆ ಊರು. ಕೆಳಗೆ ಹೋಗುವ ಯಾವ ಹಡಗೂ ಅದರ ಫಿರಂಗಿ ತಪ್ಪಿಸುವಂತಿರಲಿಲ್ಲ. ಮುತ್ತಿಗೆ ಕಾಲದಲ್ಲಿ ಊರಿನವರು ಗುಡ್ಡದಲ್ಲಿ ಗುಹೆ ತೋಡಿಕೊಂಡು ಬದುಕಿದರು, ಹೇಸರಗತ್ತೆಯ ಮಾಂಸ ತಿಂದರು. ಅದು ಬಿದ್ದ ಮೇಲೆ ಇಡೀ ನದಿ ಒಕ್ಕೂಟದ ಕೈಗೆ ಬಂತು, ದಕ್ಷಿಣ ಎರಡು ಹೋಳಾಯಿತು, ನದಿ ದಂಡೆಯ ದೊಡ್ಡ ದೊಡ್ಡ ಹತ್ತಿ ತೋಟಗಳಿಂದ ಸಾವಿರಾರು ಜನ ಬಿಡುಗಡೆಯಾಗಿ ಗಂಡಸರು ಸೈನ್ಯ ಸೇರಿದರು. ನಮ್ಮ ಪ್ರಶ್ನೆಯ ತಕ್ಕಡಿಯಲ್ಲಿ ಇಟ್ಟರೆ ಗೆಟಿಸ್‌ಬರ್ಗ್‌ಗಿಂತ ವಿಕ್ಸ್‌ಬರ್ಗ್ ತೂಕವೇ ಜಾಸ್ತಿ. ಒಪ್ಪದವರು ಇದ್ದಾರೆ. ನೀವೇ ಬರೆದು ನೋಡಿ, ಆಮೇಲೆ ತೀರ್ಮಾನ ಮಾಡಿ.

1864ರ ಆಗಸ್ಟ್: ಎಲ್ಲವೂ ಕೈತಪ್ಪುವುದರಲ್ಲಿತ್ತು

ಕದನಗಳನ್ನೇ ಹುಡುಕುತ್ತ ಹೋದವರಿಗೆ ಈ ಆಗಸ್ಟ್ ಕಣ್ಣಿಗೇ ಬೀಳುವುದಿಲ್ಲ. ಗ್ರಾಂಟ್ ಮೇ ತಿಂಗಳಿನಿಂದ ವರ್ಜೀನಿಯಾದಲ್ಲಿ ಲೀ ಬೆನ್ನು ಬಿಡದೆ ಹೋರಾಡಿ, ಸುಮಾರು ಆರು ವಾರದಲ್ಲಿ ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ 50,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು, ಪೀಟರ್ಸ್‌ಬರ್ಗ್ ಎದುರು ಕಂದಕದಲ್ಲಿ ನಿಂತುಬಿಟ್ಟ. ಉತ್ತರದ ಇನ್ನೊಬ್ಬ ಜನರಲ್ ಶೆರ್ಮನ್ ಅಟ್ಲಾಂಟಾ ಹೊರಗೆ ಕೂತಿದ್ದ. ಜನರಿಗೆ ಸಾಕಾಗಿತ್ತು. ನವೆಂಬರ್‌ನಲ್ಲಿ ಚುನಾವಣೆ. ಸಂವಿಧಾನ ತಿದ್ದಿ ಗುಲಾಮಗಿರಿಯನ್ನೇ ತೆಗೆಯುವ ಮಸೂದೆ ಜೂನ್‌ನಲ್ಲಿ ಕೆಳಮನೆಯಲ್ಲಿ ಬಿದ್ದುಹೋಗಿತ್ತು.

ಆಗಸ್ಟ್ 23ರಂದು ಲಿಂಕನ್ ಒಂದು ಹಾಳೆಯಲ್ಲಿ ಕೆಲವೇ ಸಾಲು ಬರೆದು ಮಡಚಿ, ಒಳಗೇನಿದೆ ಅಂತ ತೋರಿಸದೆ ಸಚಿವರಿಂದ ಹಿಂಬದಿಗೆ ಸಹಿ ಹಾಕಿಸಿಕೊಂಡರು. ಈ ಸರ್ಕಾರ ಮತ್ತೆ ಗೆಲ್ಲುವ ಹಾಗೆ ಕಾಣುವುದಿಲ್ಲ, ಹೊಸ ಅಧ್ಯಕ್ಷ ಅಧಿಕಾರಕ್ಕೆ ಬರುವುದರೊಳಗೆ ಅವರ ಜೊತೆ ಸೇರಿ ಒಕ್ಕೂಟ ಉಳಿಸಬೇಕು, ಅನ್ನುವುದು ಒಳಗಿದ್ದ ಮಾತು. ವಾರ ಕಳೆಯುವುದರೊಳಗೆ ಎದುರು ಪಕ್ಷ ಯುದ್ಧ ನಿಲ್ಲಿಸಿ ಮಾತುಕತೆ ಅನ್ನುವ ಪ್ರಣಾಳಿಕೆ ಹೊರಡಿಸಿತು. ಅವರ ಅಭ್ಯರ್ಥಿ ಯಾರು ಗೊತ್ತಾ? ಅದೇ ಮೆಕ್ಲೆಲನ್.

ಸೆಪ್ಟೆಂಬರ್ 2ಕ್ಕೆ ಅಟ್ಲಾಂಟಾ ಬಿತ್ತು. ಊರೂರಲ್ಲಿ ಗಾಳಿ ತಿರುಗಿತು. ನವೆಂಬರ್ 8ರ ಚುನಾವಣೆಯಲ್ಲಿ ಲಿಂಕನ್‌ಗೆ 212 ಎಲೆಕ್ಟೋರಲ್ ಮತ, ಮೆಕ್ಲೆಲನ್‌ಗೆ 21. ಎಲ್ಲರಿಗಿಂತ ಮೊದಲು ಯುದ್ಧ ಮುಗಿಯಲಿ ಅಂತ ಬಯಸಬೇಕಾಗಿದ್ದ ಸೈನಿಕರೇ ದೊಡ್ಡ ಸಂಖ್ಯೆಯಲ್ಲಿ ಲಿಂಕನ್‌ಗೆ ಮತ ಹಾಕಿದರು. 1865ರ ಜನವರಿ 31ರಂದು ಅದೇ ಮಸೂದೆ ಅದೇ ಕೆಳಮನೆಯಲ್ಲಿ 119ಕ್ಕೆ 56 ಮತದಿಂದ ಪಾಸಾಯಿತು. ಪ್ರಶ್ನೆ ಹಾಕಿ: ಆಗಸ್ಟ್ 31ಕ್ಕೆ ನಿಂತಿದ್ದರೆ? ನವೆಂಬರ್ 9ಕ್ಕೆ ನಿಂತಿದ್ದರೆ? ಇಷ್ಟು ದೊಡ್ಡ ಅಂತರ ಬೇರೆ ಎಲ್ಲೂ ಸಿಗುವುದಿಲ್ಲ.

ಕೊನೆಯ ಸಾಲು ಎಲ್ಲಿ ಬರೆಯಬೇಕು

ಮುಂದಿನದು ಬೇಗ ಓದಿಕೊಳ್ಳಬಹುದು. ಶೆರ್ಮನ್ ಜಾರ್ಜಿಯಾ ಸೀಳಿಕೊಂಡು ಡಿಸೆಂಬರ್‌ನಲ್ಲಿ ಸವಾನಾ ಮುಟ್ಟಿದ. ಏಪ್ರಿಲ್ 3ಕ್ಕೆ ರಿಚ್ಮಂಡ್ ಬಿತ್ತು, ಒಳಗೆ ಕಾಲಿಟ್ಟ ಮೊದಲಿಗರಲ್ಲಿ ಕಪ್ಪು ಸೈನಿಕರಿದ್ದರು. 9ಕ್ಕೆ ಆ್ಯಪೊಮ್ಯಾಟಕ್ಸ್‌ನಲ್ಲಿ ಲೀ ಶರಣಾದ. 14ಕ್ಕೆ ಲಿಂಕನ್‌ಗೆ ಗುಂಡು.

ಹೆಚ್ಚಿನವರು ಪುಸ್ತಕ ಮುಚ್ಚುವುದು ಇಲ್ಲೇ. ನೀವು ಇನ್ನೂ ಎರಡು ತಾರೀಕು ಬರೆದುಕೊಳ್ಳಿ. ಒಂದು, 1865ರ ಜೂನ್ 19. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಒಕ್ಕೂಟದ ಸೈನ್ಯ ಬಂದು ಎಲ್ಲ ಗುಲಾಮರೂ ಸ್ವತಂತ್ರರು ಅಂತ ಆದೇಶ ಓದಿದ ದಿನ, ಲಿಂಕನ್ ಸಹಿ ಹಾಕಿ ಎರಡೂವರೆ ವರ್ಷ ಆದ ಮೇಲೆ. ಇನ್ನೊಂದು, ಡಿಸೆಂಬರ್ 6. ಸಾಕಷ್ಟು ರಾಜ್ಯಗಳು ಒಪ್ಪಿ, ಗುಲಾಮಗಿರಿ ತೆಗೆಯುವ ಆ ಮಸೂದೆ, ಅಂದರೆ 13ನೇ ತಿದ್ದುಪಡಿ, ಸಂವಿಧಾನ ಸೇರಿದ್ದು ಅಂದು. ಒಕ್ಕೂಟದ ಪರವೇ ಇದ್ದ ಕೆಂಟಕಿ ಮತ್ತು ಡೆಲವೇರ್ ರಾಜ್ಯಗಳು ಆ ತಿದ್ದುಪಡಿಯನ್ನು ತಿರಸ್ಕರಿಸಿದ್ದವು, ಲೀ ಶರಣಾಗಿ ಎಂಟು ತಿಂಗಳಾದರೂ ಅಲ್ಲಿ ಜನ ಇನ್ನೂ ಕಾನೂನು ಪ್ರಕಾರ ಗುಲಾಮರಾಗಿಯೇ ಇದ್ದರು. ಅವರ ಬಿಡುಗಡೆಯ ತಾರೀಕನ್ನು ಬಲಗಡೆಯ ಕೊನೆಯ ಸಾಲಿನಲ್ಲಿ ಬರೆದು, ಅದರ ಕೆಳಗೆ ಗೆರೆ ಎಳೆಯಿರಿ.